ಭಾನುವಾರ ದೇವರ ದಿನ ಅಂತ ಅಂಗಡಿ ಮುಚ್ಚಿದವರು ಇದ್ದೀರಾ? ಅನುಭವ ಹೇಳಿ

ದಾವಣಗೆರೆ ಬೇಕರಿ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಬೇಕರಿ ಇದೆ. ಮಾವ ನಡೆಸುತ್ತಿದ್ದದ್ದು, ಎರಡು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಸೌದೆ ಭಟ್ಟಿ, ಕೆಲಸಕ್ಕೆ ಇಬ್ಬರು ಹುಡುಗರು. ಮಾಮೂಲಿ ದಿನ 7,000 ವ್ಯಾಪಾರ ಆದರೆ ಭಾನುವಾರ 16,000 ದಾಟುತ್ತದೆ. ಬರ್ತ್‌ಡೇ ಕೇಕ್ ಆರ್ಡರ್ ಬರುವುದೇ ಅವತ್ತು. ಮೇಲೆ ಬ್ಯಾಂಕಿನ ಕಂತು 18,400.

ಹೋದ ತಿಂಗಳು ನಮ್ಮ ಸಭಾಪಾಲಕರು ಬೈಬಲಿನ 1 ಸಮುವೇಲ 15 ತೆಗೆದು ಪ್ರಸಂಗ ಮಾಡಿದರು. ಶತ್ರುಗಳಾದ ಅಮಾಲೇಕ್ಯರದ್ದು ಏನೂ ಉಳಿಸಬೇಡ ಅಂತ ದೇವರು ಅಂದಿದ್ದರೂ ರಾಜ ಸೌಲ ಕೊಬ್ಬಿದ ಕುರಿ ದನ ಉಳಿಸಿಕೊಂಡ, ಕೇಳಿದರೆ ಯಜ್ಞಕ್ಕೆ ಅಂದ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಅಂತ ಪ್ರವಾದಿ ಸಮುವೇಲ ಅಂದದ್ದು ನಿಮಗೆಲ್ಲ ಗೊತ್ತು. ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಅವರನ್ನು ನಿಲ್ಲಿಸಿ ಕೇಳಿದೆ. ಭಾನುವಾರ ಬೆಳಿಗ್ಗೆ ಮುಚ್ಚಿ ಮಧ್ಯಾಹ್ನ ಮೂರರ ಮೇಲೆ ತೆರೆದರೆ ಆಗುತ್ತಾ ಅಂತ. ಅವರು ನಕ್ಕು, "ಸೌಲನೂ ಮುಕ್ಕಾಲು ಕೆಲಸ ಮಾಡಿದ್ದ" ಅಂದರು. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ.

ಪೂರ್ತಿ ಮುಚ್ಚಿದವರು ಹೇಗೆ ನಿಭಾಯಿಸಿದಿರಿ? ಇನ್ನೊಂದು ತೊಡಕು. ಸೋಮವಾರ ಬೆಳಗಿನ ಬನ್ನಿಗೆ ಭಾನುವಾರ ರಾತ್ರಿ ಎಂಟಕ್ಕೆ ಹಿಟ್ಟು ಕಲಸಲೇಬೇಕು. ಒಂದು ದಿನ ಭಟ್ಟಿ ಆರಿದರೆ ಮತ್ತೆ ಕಾಯಿಸಲು ಸೌದೆಯೂ ಜಾಸ್ತಿ. ಇದಕ್ಕೆ ಏನು ಮಾಡುವುದು?

ಹುಬ್ಬಳ್ಳಿ ಪ್ರೆಸ್:
ಕರ್ತನಿಗೆ ಸ್ತೋತ್ರ. ತಮ್ಮಾ, ನನ್ನದು ಪ್ರಿಂಟಿಂಗ್ ಪ್ರೆಸ್, 2005ರ ಆಗಸ್ಟ್‌ನಿಂದ ಭಾನುವಾರ ಮುಚ್ಚುತ್ತಿದ್ದೇನೆ. ಒಂದೇ ಒಂದು ಭಾನುವಾರ ಶಟರ್ ಎತ್ತಿಲ್ಲ. ಏನು ಕಳೆದುಕೊಂಡೆ ಅಂತ ಹೇಳುತ್ತೇನೆ ಕೇಳು. ಸುಮ್ನೆ "ಆಶೀರ್ವಾದ ಬಂತು" ಅಂತ ಸಾಕ್ಷಿ ಹೇಳುವವರ ಸಾಲಿನವನಲ್ಲ ನಾನು.

ಮೊದಲನೆಯದು ಕ್ಯಾಲೆಂಡರ್. ಡಿಸೆಂಬರ್ ಅಂದರೆ ಪ್ರೆಸ್‌ನವರಿಗೆ ಸುಗ್ಗಿ. ಒಬ್ಬ ಆಭರಣದ ಅಂಗಡಿಯವರು ಪ್ರತಿ ವರ್ಷ 5,000 ಕ್ಯಾಲೆಂಡರ್ ಮಾಡಿಸುತ್ತಿದ್ದರು. ಶನಿವಾರ ಸಂಜೆ ಪ್ರೂಫ್ ಕೊಟ್ಟು ಸೋಮವಾರ ಬೆಳಿಗ್ಗೆ ಮಾಲು ಬೇಕು ಅಂದರು. ಆಗಲ್ಲ ಅಂದೆ. ಮರುವರ್ಷ ಬರಲೇ ಇಲ್ಲ. ಎರಡನೆಯದು 2013ರ ವಿಧಾನಸಭೆ ಚುನಾವಣೆ. ಮತದಾನ ಮೇ 5ಕ್ಕೆ. ಅದರ ಹಿಂದಿನ ಭಾನುವಾರ, ಏಪ್ರಿಲ್ 28, ಒಬ್ಬ ಅಭ್ಯರ್ಥಿಯ ಕಡೆಯವರು ಮನೆ ಬಾಗಿಲಿಗೇ ಬಂದರು. 40,000 ಕರಪತ್ರ, ಒಂದಕ್ಕೆ 55 ಪೈಸೆ, ಕ್ಯಾಶ್ ಕೈಯಲ್ಲಿ. ನಾನು ಆರಾಧನೆಗೆ ಹೊರಡಲು ಷರ್ಟಿನ ಗುಂಡಿ ಹಾಕುತ್ತಿದ್ದೆ. 22,000 ರೂಪಾಯಿಯನ್ನು ಕಣ್ಣಾರೆ ನೋಡಿ ವಾಪಸ್ ಕಳಿಸಿದೆ. ಪಕ್ಕದ ಓಣಿಯವನು ರಾತ್ರಿಯೆಲ್ಲ ಹೊಡೆದು ಕೊಟ್ಟ. ಆ ಗಿರಾಕಿ ಇವತ್ತಿಗೂ ಅವನ ಹತ್ತಿರವೇ ಇದ್ದಾರೆ.

ಮೂರನೆಯದು ನನ್ನ ತಮ್ಮ. ಪ್ರೆಸ್ಸಿನಲ್ಲಿ ಅರ್ಧ ಪಾಲು ಅವನದು. "ನಿನ್ನ ಭಕ್ತಿಗೆ ನನ್ನ ಮಕ್ಕಳು ಯಾಕೆ ಉಪವಾಸ ಇರಬೇಕು" ಅಂದು 2014ರಲ್ಲಿ ಪಾಲು ಕೇಳಿದ. 3,75,000 ಕೊಟ್ಟೆ. ಎಲ್ಲಿಂದ? ನೂರಕ್ಕೆ ಎರಡು ಬಡ್ಡಿಗೆ ಸಾಲ ತಂದು. ತಿಂಗಳಿಗೆ 7,500 ಬರೀ ಬಡ್ಡಿ, 31 ತಿಂಗಳು. ಲೆಕ್ಕ ಹಾಕಿದರೆ 2,32,500. ತಮ್ಮ ಇವತ್ತಿಗೂ ಮಾತಾಡಲ್ಲ, ಕ್ರಿಸ್ಮಸ್‌ಗೂ ಬರಲ್ಲ. ಆದರೂ ಮೆಷೀನ್ ಓಡುತ್ತಾ ಇದೆ, ಮನೆ ನಡೆಯುತ್ತಾ ಇದೆ. ವಿಶ್ರಾಂತಿ ದಿನ ಪಾಲಿಸು ಅನ್ನುವ ನಾಲ್ಕನೆಯ ಆಜ್ಞೆಯಲ್ಲಿ ಡಿಸ್ಕೌಂಟ್ ಇಲ್ಲ ತಮ್ಮಾ. ನಿಮ್ಮ ಸಭಾಪಾಲಕರು ಸರಿಯಾಗಿಯೇ ಹೇಳಿದ್ದಾರೆ.

ಕುಡ್ಲದ ಬಾಯಿ:
ನಾಲ್ಕನೆಯದಲ್ಲ, ಮೂರನೆಯ ಆಜ್ಞೆ. ನಮ್ಮ ಕಥೋಲಿಕ ಜ್ಞಾನೋಪದೇಶದಲ್ಲಿ ಹಾಗೇ ಕಲಿಸಿದ್ದು.

ನನ್ನದು ಹಂದಿ ಮಾಂಸದ ಅಂಗಡಿ. ಯಜಮಾನರು ಹೋದ ಮೇಲೆ ಹದಿಮೂರು ವರ್ಷದಿಂದ ನಾನೇ ನಿಂತು ನಡೆಸುವುದು. ಮಂಗಳೂರು ಕಡೆಯವರಿಗೆ ಗೊತ್ತು, ಭಾನುವಾರ ಪೂಜೆ ಮುಗಿಸಿ ಬಂದವರಿಗೆ ಮಧ್ಯಾಹ್ನ ಬಫಾತ್ (ಹಂದಿ ಮಾಂಸದ ಮಸಾಲೆ ಸಾರು) ಆಗಲೇಬೇಕು. ವಾರವಿಡೀ ಮಾರುವುದು ಒಂದು ತೂಕ, ಭಾನುವಾರ ಹನ್ನೊಂದು ಗಂಟೆಯೊಳಗೆ ಮಾರುವುದೇ ಒಂದು ತೂಕ. ಬೆಳಗಿನ ಜಾವ ಮೂರಕ್ಕೆ ಏಳಬೇಕು. ಆರರ ಪೂಜೆಗೆ ಓಡಬೇಕು. ಏಳೂಕಾಲಕ್ಕೆ ಕತ್ತಿ ಹಿಡಿಯಬೇಕು. ಕೆಲವು ವಾರ ಶನಿವಾರ ಸಂಜೆಯ ಪೂಜೆಗೇ ಹೋಗುತ್ತೇನೆ. ಭಾನುವಾರದ ಕಟ್ಟಳೆ ಅದರಿಂದಲೂ ತೀರುತ್ತದೆ.

ಮೊದಲ ವರ್ಷ ಯಾರೋ ಪ್ರಾರ್ಥನಾ ಕೂಟದಲ್ಲಿ ಹೇಳಿದರು ಅಂತ ಎಂಟು ಭಾನುವಾರ ಮುಚ್ಚಿದೆ. ಶನಿವಾರವೇ ಮಾರೋಣ ಅಂತ ಎರಡು ಹಂದಿ ಹಾಕಿಸಿದೆ. 38 ಕೆಜಿ ಉಳಿಯಿತು. ಐಸ್‌ಬಾಕ್ಸ್ ಬಾಡಿಗೆ, ಐಸ್, ಮಳೆಗಾಲ ಬೇರೆ, ಕರೆಂಟ್ ಹೋಯಿತು. ಆಗ ಕೆಜಿಗೆ 160 ಇತ್ತು. ಸೋಮವಾರ ವಾಸನೆ ಬಂದ ಮಾಂಸವನ್ನು ಗುಂಡಿ ತೋಡಿ ಹಾಕಿದ್ದು ನಾನು ಮತ್ತು ನನ್ನ ಅತ್ತೆ. ಯಾರು ಮುಚ್ಚಿ ಅಂದಿದ್ದರೋ ಅವರೇ ಆ ಎಂಟು ವಾರ ಬೇರೆ ಅಂಗಡಿಯ ಎದುರು ಕ್ಯೂ ನಿಂತಿದ್ದರು. ಭಾನುವಾರವೇ. ಚರ್ಚಿನ ಬಟ್ಟೆಯಲ್ಲೇ. ನೋಡಿದ್ದೇನೆ ನಾನು.

ಹುಬ್ಬಳ್ಳಿ ಪ್ರೆಸ್:
ಮೂರೋ ನಾಲ್ಕೋ, ಆಜ್ಞೆ ಆಜ್ಞೆಯೇ. ಅಕ್ಕಾವರೇ, ನೆಹೆಮೀಯ 13 ಓದಿ. ತೂರ್ ಪಟ್ಟಣದವರು ಸಬ್ಬತ್ ದಿನ, ಅಂದರೆ ವಿಶ್ರಾಂತಿ ದಿನ, ಯೆರೂಸಲೇಮಿಗೆ ಮೀನು ತಂದು ಮಾರಿದಾಗ ಅಧಿಪತಿ ನೆಹೆಮೀಯ ಊರ ಬಾಗಿಲುಗಳನ್ನೇ ಹಾಕಿಸಿದ. ಗೋಡೆ ಹೊರಗೆ ಮಲಗಿ ಕಾದವರನ್ನೂ ಬೆದರಿಸಿ ಓಡಿಸಿದ. ಶನಿವಾರದ ಪೂಜೆ, ಭಾನುವಾರದ ವ್ಯಾಪಾರ ಅನ್ನುವ ಅನುಕೂಲ ಅಲ್ಲಿ ಇರಲಿಲ್ಲ.

ಕುಡ್ಲದ ಬಾಯಿ:
ಪೂರ್ತಿ ಓದಿ ಮಾರಾಯ್ರೆ. ನೆಹೆಮೀಯ ಮೊದಲು ಗದರಿಸಿದ್ದು ಮೀನಿನವರನ್ನಲ್ಲ, ಯೆಹೂದದ ದೊಡ್ಡ ಮನುಷ್ಯರನ್ನು. 17ನೇ ವಚನ. ಕೊಳ್ಳುವವರು ಇದ್ದರೆ ತಾನೇ ಮಾರುವುದು? ನೀವು ಭಾನುವಾರ ಮನೆಯಲ್ಲಿ ಕೋಳಿ ಸಾರು ತಿನ್ನುವುದಿಲ್ಲವಾ? ಆ ಕೋಳಿ ಎಲ್ಲಿಂದ ಬಂತು? ಯಾರು ಕೊಯ್ದರು?

ಏಳನೇ ದಿನ:
ನೀವಿಬ್ಬರೂ ತಪ್ಪು ದಿನದ ಬಗ್ಗೆ ಜಗಳ ಆಡುತ್ತಿದ್ದೀರಿ. ವಿಮೋಚನಕಾಂಡ 20ರಲ್ಲಿ ಏಳನೆಯ ದಿನ ಅಂತಿದೆ. ಅದು ಶನಿವಾರ. ಶುಕ್ರವಾರ ಸೂರ್ಯ ಮುಳುಗಿದಾಗ ಶುರು, ಶನಿವಾರ ಸೂರ್ಯ ಮುಳುಗಿದಾಗ ಮುಗಿಯಿತು. ಭಾನುವಾರ ಕೋರ್ಟು, ಕೆಲಸ ಮುಚ್ಚಿ ಅಂತ ಕಾಯಿದೆ ತಂದದ್ದು ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್, 321ರಲ್ಲಿ. ಅದರಲ್ಲೂ ರೈತರಿಗೆ ವಿನಾಯಿತಿ ಇತ್ತು. ಚಕ್ರವರ್ತಿಯ ಆಜ್ಞೆಗೆ ಅಂಗಡಿ ಮುಚ್ಚಿ ದೇವರ ಆಜ್ಞೆ ಪಾಲಿಸಿದೆ ಅನ್ನುವುದು ತಮಾಷೆ ಅಲ್ವಾ?

ನನ್ನ ಕಥೆ ಕೇಳಿ. ಡಿಪ್ಲೊಮಾ ಕೊನೆಯ ವರ್ಷ. ಐದು ಪೇಪರ್ ಬರೆದೆ, ಆರನೆಯದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಿತ್ತು. ಪ್ರಿನ್ಸಿಪಾಲರ ಹತ್ತಿರ ಹೋಗಿ ಬೇಡಿಕೊಂಡೆ. ಬೆಳಿಗ್ಗೆಯಿಂದ ಒಂದು ರೂಮಿನಲ್ಲಿ ಬೀಗ ಹಾಕಿ ಕೂರಿಸಿ, ಫೋನ್ ಬೇಡ, ಯಾರನ್ನೂ ಮಾತಾಡಿಸಲ್ಲ, ಸೂರ್ಯ ಮುಳುಗಿದ ಮೇಲೆ ಬರೆಯುತ್ತೇನೆ ಅಂದೆ. ನಮ್ಮ ಕೈಯಲ್ಲಿಲ್ಲ ಅಂದರು. ಬರೆಯಲಿಲ್ಲ. ಆರು ತಿಂಗಳು ಕಾದೆ. ಮತ್ತೆ ಶನಿವಾರ! ಮತ್ತೆ ಬಿಟ್ಟೆ. ಆ ಶನಿವಾರ ಅಪ್ಪ ನನ್ನ ಜೊತೆ ಆರಾಧನೆಗೆ ಬಂದು ಇಡೀ ಹೊತ್ತು ಗಡಿಯಾರ ನೋಡುತ್ತಾ ಕೂತಿದ್ದರು. ಒಂದು ಗಂಟೆಗೆ ಪರೀಕ್ಷೆ ಮುಗಿಯುವ ಹೊತ್ತಿಗೆ ಎದ್ದು ಹೊರಗೆ ಹೋದರು. ಮೂರನೆಯ ಸಲ ಬುಧವಾರ ಬಿತ್ತು, ಪಾಸಾದೆ. ಅಷ್ಟರಲ್ಲಿ ಕ್ಯಾಂಪಸ್ಸಿನಲ್ಲಿ ಸಿಕ್ಕಿದ್ದ ಕೆಲಸ ಹೋಗಿತ್ತು, ತಿಂಗಳಿಗೆ 11,500ರದ್ದು. ಆಮೇಲೆ ಶನಿವಾರ ಡ್ಯೂಟಿ ಅಂದದ್ದಕ್ಕೆ ಮೂರು ಕೆಲಸ ಬಿಟ್ಟೆ. ಒಂದು ಕಡೆ 9 ದಿನ, ಇನ್ನೊಂದು ಕಡೆ 4 ತಿಂಗಳು. ಮೂರನೆಯ ಕಡೆ ಬಾಕಿ ಸಂಬಳವನ್ನೇ ಕೊಡಲಿಲ್ಲ. ಈಗ ಎಲೆಕ್ಟ್ರಿಕಲ್ ಕಂಟ್ರಾಕ್ಟ್ ಕೆಲಸ ಮಾಡಿಕೊಂಡಿದ್ದೇನೆ. ಭಾನುವಾರ ಇಡೀ ಊರು ಮಲಗಿರುವಾಗ ನಾನು ವೈರಿಂಗ್ ಮಾಡುತ್ತೇನೆ.

ಬೇಕರಿ ಅಣ್ಣಾ, ವಿಮೋಚನಕಾಂಡ 35:3ನ್ನೂ ನೋಡಿ. ಸಬ್ಬತ್ ದಿನ ನಿಮ್ಮ ಮನೆಗಳಲ್ಲಿ ಬೆಂಕಿಯನ್ನೂ ಹೊತ್ತಿಸಬಾರದು ಅಂತಿದೆ. ಭಟ್ಟಿಯ ಪ್ರಶ್ನೆಗೆ ಅಲ್ಲೇ ಉತ್ತರ.

ಹುಬ್ಬಳ್ಳಿ ಪ್ರೆಸ್:
ಅಪೊಸ್ತಲರ ಕೃತ್ಯಗಳು 20:7. ವಾರದ ಮೊದಲನೆಯ ದಿನ ರೊಟ್ಟಿ ಮುರಿಯುವುದಕ್ಕೆ ಕೂಡಿಬಂದರು. ಕರ್ತನು ಎದ್ದ ದಿನ ಅದು. ಕಾನ್‌ಸ್ಟಂಟೈನ್ ಹುಟ್ಟುವ ಮೊದಲೇ.

ಏಳನೇ ದಿನ:
ಅದು ರಾತ್ರಿ ಕೂಟ. ಪೌಲ ಮಾರನೆಯ ದಿನ ಹೊರಡುವವನಿದ್ದ. ಮಧ್ಯರಾತ್ರಿ ತನಕ ಪ್ರಸಂಗ ಎಳೆದು ಯೂತಿಕ ಅನ್ನುವ ಹುಡುಗ ನಿದ್ದೆ ತೂಗಿ ಮೂರನೆಯ ಅಂತಸ್ತಿನಿಂದ ಬಿದ್ದ. ಅದನ್ನು ಇಟ್ಟುಕೊಂಡು ದೇವರ ಕೈಬರಹದ ಆಜ್ಞೆಯನ್ನೇ ಬದಲಿಸುತ್ತೀರಾ?

ಕುವೈತ್ ಸಿಸ್ಟರ್:
ನಿಮ್ಮೆಲ್ಲರ ಜಗಳ ನೋಡಿ ನಗು ಬರುತ್ತಿದೆ, ಸ್ವಲ್ಪ ಸಿಟ್ಟೂ ಬರುತ್ತಿದೆ. ನಮ್ಮ ಕನ್ನಡ ಸಭೆ ಇಲ್ಲಿ ಸೇರುವುದು ಶುಕ್ರವಾರ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಎಲ್ಲರಿಗೂ ಕೆಲಸದ ಮೊದಲ ದಿನ. ಹಾಗಾದರೆ ನಾವು ಯಾರೂ ಕ್ರೈಸ್ತರಲ್ಲವಾ?

ನಾನು ನರ್ಸ್, ಡಯಾಲಿಸಿಸ್ (ಕಿಡ್ನಿ ಕೆಟ್ಟವರ ರಕ್ತ ಶುದ್ಧ ಮಾಡುವ) ವಿಭಾಗದಲ್ಲಿದ್ದೇನೆ. ನಮ್ಮ ಒಂದು ಗುಂಪಿನ ರೋಗಿಗಳ ಸರದಿ ಭಾನುವಾರ, ಮಂಗಳವಾರ, ಗುರುವಾರ. ಗುರುವಾರ ಬಂದುಹೋದವರು ಭಾನುವಾರದ ಹೊತ್ತಿಗೆ ಕಾಲು ಊದಿಸಿಕೊಂಡು, ಏದುಸಿರು ಬಿಡುತ್ತಾ ಬರುತ್ತಾರೆ. ಮೂರು ದಿನದ ನೀರು ಮೈಯಲ್ಲಿ. ಪೊಟ್ಯಾಸಿಯಂ ಏರಿರುತ್ತದೆ. ಒಬ್ಬ ಅಜ್ಜ ಇದ್ದಾರೆ, ತೂಕದ ಯಂತ್ರದ ಮೇಲೆ ನಿಂತಾಗ ನನ್ನ ಮುಖ ನೋಡುತ್ತಾರೆ, ನಾನು ಬೆರಳಲ್ಲಿ ನಾಲ್ಕು ಅಂತ ತೋರಿಸುತ್ತೇನೆ. ನಾಲ್ಕು ಲೀಟರ್ ಜಾಸ್ತಿ. ಅವರಿಗೆ ನಾನು ಹೇಳಬೇಕಾ, ಅಜ್ಜಾ, ಇವತ್ತು ಸಬ್ಬತ್, ನಾಳೆ ಬನ್ನಿ ಅಂತ? ಬಾವಿಗೆ ಬಿದ್ದ ಎತ್ತನ್ನು ಸಬ್ಬತ್ ದಿನವೂ ಎತ್ತುತ್ತೀರಲ್ಲ ಅಂದದ್ದು ಯೇಸುವೇ.

ಆದರೆ ನಾನೂ ಒಂದು ಕಾಲದಲ್ಲಿ ಪ್ರೆಸ್ ಅಣ್ಣನ ಹಾಗೇ ಇದ್ದೆ. 2009ರಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಭಾನುವಾರ ಡ್ಯೂಟಿ ಮಾಡಲ್ಲ ಅಂತ ಹರಕೆ ಹೊತ್ತೆ. ಐದು ತಿಂಗಳು ಸಹಿಸಿದರು, ಆಮೇಲೆ ಮನೆಗೆ ಕಳಿಸಿದರು. ಏಳು ತಿಂಗಳು ಸಂಬಳ ಇಲ್ಲ. ನರ್ಸಿಂಗ್ ಓದಿನ ಸಾಲ 1,90,000 ಬಾಕಿ ಇತ್ತು. ನಾನು ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ. ಆ ಐದು ತಿಂಗಳು ನನ್ನ ಭಾನುವಾರದ ಪಾಳಿ ಯಾರು ಮಾಡಿದರು ಅಂತ ಒಂದು ದಿನವೂ ಕೇಳಲಿಲ್ಲ. ಎರಡು ವರ್ಷದ ಮಗುವಿದ್ದ ಒಬ್ಬಳು ಮಾಡಿದ್ದಳು. ಆಮೇಲೆ ಯಾರೋ ಹೇಳಿ ಗೊತ್ತಾಯಿತು.

ಹುಬ್ಬಳ್ಳಿ ಪ್ರೆಸ್:
ಆಸ್ಪತ್ರೆ ಬೇರೆ ಸಿಸ್ಟರ್. ಯಾರೂ ಆಸ್ಪತ್ರೆ ಮುಚ್ಚಿ ಅನ್ನಲಿಲ್ಲ. ಪಫ್ಸ್ ತಿನ್ನದೆ ಯಾರೂ ಸಾಯಲ್ಲ. ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ನೋಡಿ. 1924ರ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಓಟದ ಹೀಟ್ಸ್ ಭಾನುವಾರ ಅಂತ ಓಡಲೇ ಇಲ್ಲ. ಆಮೇಲೆ 400 ಮೀಟರ್‌ನಲ್ಲಿ 47.6 ಸೆಕೆಂಡಿಗೆ ಚಿನ್ನ. ತನ್ನನ್ನು ಗೌರವಿಸುವವರನ್ನು ದೇವರು ಗೌರವಿಸುತ್ತಾನೆ.

ಜೆರಾಕ್ಸ್ ಮಾಜಿ:
ಬಂದರಪ್ಪ ಲಿಡೆಲ್! ಎಲ್ಲ ಕಡೆಯೂ ಇದೇ ಉದಾಹರಣೆ. ಅವರಿಗೆ ವೇಳಾಪಟ್ಟಿ ತಿಂಗಳುಗಟ್ಟಲೆ ಮೊದಲೇ ಗೊತ್ತಿತ್ತು, 400ಕ್ಕೆ ತಯಾರಿ ಮಾಡಿದರು. ಅವರ ಎದೆಗಟ್ಟಿ ಇತ್ತು, ಒಪ್ಪುತ್ತೇನೆ. ಆದರೆ ಅವರಿಗೆ ಅಂಗಡಿ ಬಾಡಿಗೆ ಇರಲಿಲ್ಲ. ಚಿನ್ನ ಬಂದವರ ಕಥೆ ಮಾತ್ರ ಪ್ರಸಂಗದಲ್ಲಿ ಬರುತ್ತದೆ. ಚಿನ್ನ ಹೋದವರ ಕಥೆ ನಾನು ಹೇಳುತ್ತೇನೆ.

ಕೋಲಾರದ ಕಡೆ, ಕಾಲೇಜಿನ ಎದುರು ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿ ಇಟ್ಟೆ. ಜೂನ್ 2017. ಹಾಸ್ಟೆಲ್ ಹುಡುಗರು ನೋಟ್ಸ್ ಹಿಡಿದುಕೊಂಡು ಬರುವುದು ಯಾವತ್ತು? ಭಾನುವಾರ. ಸೋಮವಾರ ಇಂಟರ್ನಲ್ಸ್ ಇರುತ್ತಲ್ಲ. ನಮ್ಮ ಪಾಸ್ಟರ್ ಮುಚ್ಚು ಅಂದರು, ಮುಚ್ಚಿದೆ. ಎದುರಿಗೇ ಇನ್ನೊಂದು ಅಂಗಡಿ ಎದ್ದಿತು. ಭಾನುವಾರ ಅಲ್ಲಿಗೆ ಹೋದ ಹುಡುಗರು ಸೋಮವಾರವೂ ಅಲ್ಲಿಗೇ ಹೋದರು.

ಇಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಜೊತೆಗೆ ದಶಮಾಂಶ, ಸಭೆಗೆ ಕೊಡುವ ಹತ್ತರಲ್ಲೊಂದು ಪಾಲು. ತಿಂಗಳ ವ್ಯಾಪಾರ 62,000. ಅದರಲ್ಲಿ 45,000 ಬರೀ ರೀಚಾರ್ಜ್. ರೀಚಾರ್ಜಿನಲ್ಲಿ ನೂರಕ್ಕೆ ಮೂರು ರೂಪಾಯಿ ಕಮಿಷನ್ ಬಂದರೆ ಪುಣ್ಯ. ಅಂದರೆ 45,000ಕ್ಕೆ ನನಗೆ ಉಳಿಯುವುದು 1,350. ಪಾಸ್ಟರ್ ಹೇಳಿದ್ದು "ಕೈಗೆ ಬಂದ ಎಲ್ಲದರಲ್ಲಿ ಹತ್ತರಲ್ಲೊಂದು". ನಾನು ದಡ್ಡ, 6,200 ಕವರಿನಲ್ಲಿ ಹಾಕಿ ಕೊಟ್ಟೆ. ಬಾಡಿಗೆ, ಕರೆಂಟು, ಟೋನರ್ ಕಳೆದು ನನಗೆ ಉಳಿಯುತ್ತಿದ್ದದ್ದು 9,500. ಅದರಲ್ಲಿ 6,200 ಕವರಿಗೆ! ಹದಿನಾಲ್ಕು ತಿಂಗಳು. 86,800 ರೂಪಾಯಿ. ಅಮ್ಮನ ಎರಡು ಬಳೆ, 22 ಗ್ರಾಂ, ಅಡವಿಟ್ಟು ಬಿಡಿಸಿಕೊಳ್ಳಲಾಗದೆ ಹರಾಜಿಗೆ ಹೋಯಿತು. ಅಂಗಡಿ ಮುಚ್ಚಿದ ದಿನ ಪಾಸ್ಟರ್ ಹೇಳಿದ ಮಾತು: "ನಿನ್ನಲ್ಲಿ ನಂಬಿಕೆ ಕಡಿಮೆ ಇತ್ತು."

ಹುಬ್ಬಳ್ಳಿ ಪ್ರೆಸ್:
ದಶಮಾಂಶ ಲಾಭದ ಮೇಲೆ ಕೊಡಬೇಕು, ಮಾರಾಟದ ಮೇಲಲ್ಲ. ಇದು ಚಿಕ್ಕ ಮಗುವಿಗೂ ಗೊತ್ತು. ನಿಮ್ಮ ಲೆಕ್ಕದ ತಪ್ಪನ್ನು ದೇವರ ಮೇಲೆ ಹಾಕಬೇಡಿ. ಮಲಾಕಿಯ 3:10ರಲ್ಲಿ ನನ್ನನ್ನು ಪರೀಕ್ಷಿಸಿ ನೋಡಿರಿ ಅಂತ ದೇವರೇ ಹೇಳಿದ್ದಾನೆ.

ಜೆರಾಕ್ಸ್ ಮಾಜಿ:
ಪರೀಕ್ಷಿಸಿದೆನಲ್ಲ ಅಣ್ಣಾ, ಹದಿನಾಲ್ಕು ತಿಂಗಳು! ನೀವು ಧರ್ಮೋಪದೇಶಕಾಂಡ 14 ಓದಿದ್ದೀರಾ? ಮೂರನೆಯ ವರ್ಷದ ದಶಮಾಂಶ ದೇವರ ಸೇವೆಯ ಲೇವಿಯರಿಗೆ, ಪರದೇಶಿಗೆ, ತಾಯಿತಂದೆ ಇಲ್ಲದವರಿಗೆ, ವಿಧವೆಯರಿಗೆ. ಅವರು ತಿಂದು ತೃಪ್ತರಾಗಬೇಕು ಅಂತಿದೆ. ಹತ್ತರಲ್ಲೊಂದು ಅನ್ನುವುದನ್ನು ಅಕ್ಷರಕ್ಕೆ ಅಕ್ಷರ ಹಿಡಿದವರು ಇದನ್ನು ಯಾಕೆ ಹಿಡಿಯಲ್ಲ? ನಮ್ಮ ಅಮ್ಮನೂ ವಿಧವೆಯೇ. ಅವಳಿಗೆ ಯಾವ ವರ್ಷ ಬಂತು?

ಕುಡ್ಲದ ಬಾಯಿ:
ನಮ್ಮಲ್ಲಿ ದಶಮಾಂಶದ ಒತ್ತಾಯ ಇಲ್ಲ. ಪುದೀನ, ಜೀರಿಗೆಯಲ್ಲೂ ಹತ್ತರಲ್ಲೊಂದು ಕೊಟ್ಟು ದಯೆ ಬಿಟ್ಟವರಿಗೆ ಯೇಸು ಹೇಗೆ ಗದರಿಸಿದರು ಗೊತ್ತುಂಟಲ್ಲ.

ಹುಬ್ಬಳ್ಳಿ ಪ್ರೆಸ್:
ಅದೇ ವಚನದಲ್ಲಿ ಅದನ್ನೂ ಬಿಡಬಾರದು ಅಂತ ಇದೆ ಅಕ್ಕಾವರೇ. ಮತ್ತಾಯ 23:23. ಅರ್ಧ ಓದಬೇಡಿ.

ಕುಡ್ಲದ ಬಾಯಿ:
ಆಯ್ತು, ನೀವು ಇಡೀ ಬೈಬಲ್ ಓದಿದವರು. ನಾನು ಮಾಂಸ ಕಡಿಯುವವಳು.

ಭಟ್ಟಿ ಹುಡುಗ:
ನಾನು ಅಂಗಡಿ ಇಟ್ಟವನಲ್ಲ. ಅಂಗಡಿಯಲ್ಲಿ ಕೆಲಸ ಮಾಡಿದವನು. ಇಷ್ಟು ಜನ ಬರೆದಿರಿ, ಸಿಸ್ಟರ್ ಅಕ್ಕ ಬಿಟ್ಟರೆ ನಮ್ಮ ಕಡೆ ಯಾರೂ ನೋಡಲಿಲ್ಲ.

2016ರಿಂದ 2019ರ ತನಕ ಒಂದು ಬೇಕರಿಯಲ್ಲಿ ಭಟ್ಟಿ ಕೆಲಸ ಮಾಡಿದೆ. ಮಾಲೀಕರು ವಿಶ್ವಾಸಿಗಳು. ನಾನೂ ಅದೇ ಸಭೆಯವನು. ದಿನಗೂಲಿ 380. ಒಂದು ಭಾನುವಾರ ಅವರು ಇನ್ನು ಮೇಲೆ ರಜೆ ಅಂತ ಬೋರ್ಡ್ ಹಾಕಿದರು. ನನಗೆ ಖುಷಿಯಾಯಿತು. ಶನಿವಾರ ಬಟವಾಡೆ ಎಣಿಸಿದಾಗ ಆರು ದಿನದ ದುಡ್ಡು ಇತ್ತು. ಕೇಳಿದೆ. "ಕೆಲಸ ಇಲ್ಲದ ದಿನಕ್ಕೆ ಕೂಲಿ ಎಲ್ಲಿಂದ ಬರುತ್ತೆ, ದೇವರು ಬೇರೆ ದಾರಿ ಕೊಡುತ್ತಾನೆ" ಅಂದರು. ವರ್ಷಕ್ಕೆ 52 ಭಾನುವಾರ. 19,760 ರೂಪಾಯಿ. ಮೂರು ವರ್ಷಕ್ಕೆ 59,280. ನನಗೆ ಆಗ ಬಾಡಿಗೆ ಮನೆ, ತಂಗಿಯ ಪಿಯುಸಿ. ಭಾನುವಾರ ಮಧ್ಯಾಹ್ನದ ಮೇಲೆ ಕಲ್ಯಾಣ ಮಂಟಪದಲ್ಲಿ ಪಾತ್ರೆ ಎತ್ತಲು ಹೋಗುತ್ತಿದ್ದೆ. 250 ಕೊಡುತ್ತಿದ್ದರು. ಅವರು ಸಬ್ಬತ್ ಆಚರಿಸಬೇಕು ಅಂತ ನಾನು ಸಬ್ಬತ್ ದಿನ ಅನ್ನದ ಹಂಡೆ ಹೊತ್ತೆ.

ಶನಿವಾರ ಮನ್ನದ (ಬೈಬಲಿನಲ್ಲಿ ದೇವರು ಕೊಟ್ಟ ಆಹಾರ, ಆರನೆಯ ದಿನ ಎರಡರಷ್ಟು ಸಿಗುತ್ತಿತ್ತು) ಹಾಗೆ ಎರಡರಷ್ಟು ಬೇಯಿಸಿಡು ಅಂತ ಬೇರೆ ಹೇಳುತ್ತಿದ್ದರು. ಬೇಕರಿ ಅಣ್ಣಾ, ಇದನ್ನು ಮಾಡಬೇಡಿ. ಬಿಸ್ಕತ್ತು, ಖಾರಿ ಆದರೆ ತಡೆಯುತ್ತದೆ. ಬನ್ನು ಸೋಮವಾರಕ್ಕೆ ಒಣಗಿ ಪುಡಿ ಉದುರುತ್ತದೆ. ಪಫ್ಸ್ ಒಳಗಿನ ಪಲ್ಯ ಹುಳಿ ಬರುತ್ತದೆ. ಆರನೆಯ ದಿನ ಕೂಡಿಸಿಟ್ಟ ಮನ್ನಕ್ಕೆ ಹುಳ ಬೀಳಲಿಲ್ಲ, ನಮ್ಮ ಆಲೂಗಡ್ಡೆಗೆ ಆ ಆಜ್ಞೆ ಗೊತ್ತಿಲ್ಲ.

ಒಂದು ದಿನ ಅವರು ಸಭೆಯಲ್ಲಿ ಎದ್ದು ಸಾಕ್ಷಿ ಹೇಳಿದರು. "ಕರ್ತನಿಗಾಗಿ ಭಾನುವಾರದ ಲಾಭ ಬಿಟ್ಟೆ" ಅಂತ. ಎಲ್ಲರೂ ಹಲ್ಲೆಲೂಯಾ ಅಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಧರ್ಮೋಪದೇಶಕಾಂಡ 5ರಲ್ಲಿ ಇದೇ ಆಜ್ಞೆ ಇದೆ, ಅಲ್ಲಿ ಕಾರಣವನ್ನೂ ಕೊಟ್ಟಿದ್ದಾನೆ. ನಿನ್ನ ದಾಸನೂ ದಾಸಿಯೂ ನಿನ್ನ ಹಾಗೆಯೇ ವಿಶ್ರಮಿಸಿಕೊಳ್ಳಬೇಕು, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ ಅನ್ನುವುದು ನೆನಪಿರಲಿ ಅಂತ. ಎತ್ತು ಕತ್ತೆಯ ಹೆಸರನ್ನೂ ಹೇಳಿದ್ದಾನೆ. ನಿರ್ದಿಷ್ಟ ಆಜ್ಞೆ ಅಂದರೆ ಇದೂ ನಿರ್ದಿಷ್ಟವೇ ಅಲ್ವಾ?

ಪ್ರೆಸ್ ಅಣ್ಣಾ, ನಿಮ್ಮ ಮೇಲೆ ಸಿಟ್ಟಿಲ್ಲ. ಒಂದೇ ಪ್ರಶ್ನೆ. 2005ರಿಂದ ನಿಮ್ಮ ಹುಡುಗರಿಗೆ ಭಾನುವಾರದ ಕೂಲಿ ಕೊಡುತ್ತಿದ್ದಿರಾ?

ಏಳನೇ ದಿನ:
ಸರಿಯಾದ ಪ್ರಶ್ನೆ.

ಹುಬ್ಬಳ್ಳಿ ಪ್ರೆಸ್:
ನಿಮಗೆ ಖುಷಿಯಾಗಿರಬೇಕಲ್ಲ ಏಳನೇ ದಿನದವರೇ. ನೀವು ಭಾನುವಾರ ವೈರಿಂಗಿಗೆ ಕರೆದುಕೊಂಡು ಹೋಗುವ ಹೆಲ್ಪರ್ ಹುಡುಗನಿಗೆ ಯಾವತ್ತು ರಜೆ? ಶನಿವಾರ ಕೂಲಿ ಕೊಡುತ್ತೀರಾ?

ಏಳನೇ ದಿನ:
ನನ್ನ ಹತ್ತಿರ ಹೆಲ್ಪರ್ ಇಲ್ಲ. ಒಬ್ಬನೇ ಏಣಿ ಹೊರುತ್ತೇನೆ. ಮಾತು ತಿರುಗಿಸಬೇಡಿ.

ಕುವೈತ್ ಸಿಸ್ಟರ್:
ಪ್ರೆಸ್ ಅಣ್ಣ ಉತ್ತರ ಕೊಡಲಿಲ್ಲ.

ಹುಬ್ಬಳ್ಳಿ ಪ್ರೆಸ್:
ಕೊಡುತ್ತೇನೆ. ಓಡಿ ಹೋಗುವವನಲ್ಲ ನಾನು. ಮಷೀನ್‌ಮ್ಯಾನ್ ಒಬ್ಬರು ತಿಂಗಳ ಸಂಬಳದವರು, ಅವರಿಗೆ ಯಾವತ್ತೂ ಕಡಿದಿಲ್ಲ. ಬೈಂಡಿಂಗ್ ಹುಡುಗಿಯರು ನಾಲ್ಕು ಜನ, ಅವರದು ಮಡಿಚಿದ ಫಾರ್ಮಿನ (ಮುದ್ರಿಸಿದ ಹಾಳೆಯ) ಲೆಕ್ಕ. ಕೆಲಸ ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಎಲ್ಲ ಪ್ರೆಸ್‌ನಲ್ಲೂ ಹಾಗೇ ಇರುವುದು. ಭಾನುವಾರ ಅವರು ಏನು ಮಾಡುತ್ತಿದ್ದರು ಅಂತ ನಾನು ಕೇಳಲಿಲ್ಲ. ಒಬ್ಬಳು ಪಕ್ಕದ ಓಣಿಯ ಪ್ರೆಸ್ಸಿಗೆ ಹೋಗುತ್ತಿದ್ದಳು ಅಂತ ಗೊತ್ತಿತ್ತು. ಆ 40,000 ಕರಪತ್ರ ಕಟ್ಟು ಹಾಕಿದ್ದೂ ಅವಳೇ. ಸೋಮವಾರ ಬೆರಳಿಗೆ ಮಸಿ ಹತ್ತಿತ್ತು. ನಮ್ಮ ಮಸಿ ಅಲ್ಲ ಅದು, ನಮ್ಮಲ್ಲಿ ಆ ಹಸಿರು ಇರಲಿಲ್ಲ. ನೋಡಿಯೂ ಸುಮ್ಮನಿದ್ದೆ.

ಇಷ್ಟು ಸಾಕಾ?

ಭಟ್ಟಿ ಹುಡುಗ:
ಸಾಕು ಅಣ್ಣಾ.

ಜೆರಾಕ್ಸ್ ಮಾಜಿ:
ನನಗೆ ಸಾಕಾಗಿಲ್ಲ. ಲಾಭದ ಮೇಲೆ ದಶಮಾಂಶ ಅಂದಿರಲ್ಲ, ಆ ಲಾಭ ಅವರ ಕೂಲಿ ಕಳೆದು ಉಳಿದದ್ದೋ, ಕಳೆಯದೆ ಉಳಿದದ್ದೋ?

ಹುಬ್ಬಳ್ಳಿ ಪ್ರೆಸ್:
ನೀವು ನಿಮ್ಮ ಪಾಸ್ಟರ್ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಬೇಡಿ.

ದಾವಣಗೆರೆ ಬೇಕರಿ:
ಎಲ್ಲರಿಗೂ ಧನ್ಯವಾದ. ನನ್ನ ಹಿಟ್ಟಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ :)

ಭಟ್ಟಿ ಹುಡುಗನ ಮಾತು ಓದಿ ನಮ್ಮ ಹುಡುಗರಿಬ್ಬರನ್ನೂ ಕೂರಿಸಿ ಕೇಳಿದೆ. ಒಬ್ಬನಿಗೆ 600, ಇನ್ನೊಬ್ಬನಿಗೆ 450. ತಿಂಗಳಿಗೆ ನಾಲ್ಕು ಭಾನುವಾರ ಅಂದರೆ 4,200 ಕೈಯಿಂದ ಹೋಗುತ್ತದೆ, ವ್ಯಾಪಾರ ಹೋದದ್ದರ ಮೇಲೆ. ದೊಡ್ಡವನು ಸಾಬರ ಹುಡುಗ. ಅವನು, "ಅಣ್ಣಾ, ನನಗೆ ಶುಕ್ರವಾರ ಮಧ್ಯಾಹ್ನ ಒಂದು ಗಂಟೆ ಬಿಡ್ತೀರಾ, ಎರಡು ವರ್ಷದಿಂದ ಕೇಳಬೇಕು ಅಂತ ಇದ್ದೆ" ಅಂದ. ಏನು ಹೇಳಬೇಕೋ ತೋಚಲಿಲ್ಲ. ಹೋಗು ಅಂದೆ.

ಏಳನೇ ದಿನ:
ದಿನ ತಪ್ಪಾದರೂ ಲೆಕ್ಕ ಸರಿಯಾಗಿ ಹಿಡಿಯಿರಿ. ಸಂಜೆಯಿಂದ ಸಂಜೆಗೆ ಒಂದು ದಿನ. ಶನಿವಾರ ಸೂರ್ಯ ಮುಳುಗಿದಾಗ ಭಟ್ಟಿ ಆರಿಸಿ, ಭಾನುವಾರ ಸೂರ್ಯ ಮುಳುಗಿದ ಮೇಲೆ ಹಚ್ಚಿ. ಎಂಟಕ್ಕೆ ಆರಾಮಾಗಿ ಹಿಟ್ಟು ಕಲಸಬಹುದು.

ಹುಬ್ಬಳ್ಳಿ ಪ್ರೆಸ್:
ಅದು ಯೆಹೂದ್ಯರ ಲೆಕ್ಕ. ನಮಗೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ.

ಕುಡ್ಲದ ಬಾಯಿ:
ಯಾವ ವಚನದಲ್ಲಿ ಉಂಟು ಮಧ್ಯರಾತ್ರಿ?

ಭಟ್ಟಿ ಹುಡುಗ:
ಬೇಕರಿ ಅಣ್ಣಾ, ಶನಿವಾರ ಕೊನೆಯ ಟ್ರೇ ತೆಗೆದ ಮೇಲೆ ಕೆಂಡ ಎಳೆಯಬೇಡಿ. ಹಿಂದಕ್ಕೆ ತಳ್ಳಿ ಬೂದಿ ಮುಚ್ಚಿ, ಬಾಯಿಗೆ ತಗಡು ಇಟ್ಟು ಸುತ್ತ ಹಸಿ ಮಣ್ಣು ಮೆತ್ತಿ. ಇಟ್ಟಿಗೆ ಮರುದಿನ ರಾತ್ರಿಗೂ ಬೆಚ್ಚಗಿರುತ್ತದೆ. ಸೌದೆ ಅರ್ಧದಷ್ಟು ಉಳಿಯುತ್ತದೆ. ಸೋಮವಾರದ ಬನ್ನಿಗೆ ಈಸ್ಟ್ ಸ್ವಲ್ಪ ಜಾಸ್ತಿ ಹಾಕಿ ರಾತ್ರಿ ಒಂದಕ್ಕೆ ಕಲಸಿದರೂ ಏಳಕ್ಕೆ ಬನ್ನು ಹೊರಗೆ ಬರುತ್ತದೆ. ಒಂದಕ್ಕೆ ಏಳುವುದು ಮಾತ್ರ ನೀವೇ ಏಳಿ, ಹುಡುಗರನ್ನು ಎಬ್ಬಿಸಬೇಡಿ.

ಜೆರಾಕ್ಸ್ ಮಾಜಿ:
ಪ್ರೆಸ್ ಅಣ್ಣಾ, ಕೂಲಿ ಕಳೆದೋ ಕಳೆಯದೆಯೋ? ಇನ್ನೂ ಹೇಳಲಿಲ್ಲ.